ಸಾಕುವವನ ಧರ್ಮ

ಮೂಕಪ್ರಾಣಿಗಳಲ್ಲಿ ದಯೆಯಿರಬೇಕೆಂಬ ಮಾತನ್ನು ಅಲ್ಲಗಳೆಯುವ ಸದ್ಗೃಹಸ್ಥರು ಯಾರೂ ಇಲ್ಲ. ಶರಣರ ಬೋಧೆಯಲ್ಲಿ ದಯೆಗಿರುವ ಸ್ಥಾನವು ಸರ್ವರಿಗೂ ವಿದಿತವಾದುದೇ ಆಗಿದೆ. ಆದರೆ ದಯೆಯೆಂದರೇನು ಎಂದು ನಿಂತು ವಿಚಾರ ಮಾಡುವವರು ವಿರಳ. ಒಂದು ಜೀವಿಯನ್ನು ಕಂಡಾಗ ಎದೆಯಲ್ಲಿ ಉಕ್ಕುವ ಮರುಕವೇ ದಯೆಯೋ? ಅಥವಾ ಆ ಮರುಕವು ಆರಿದ ಮೇಲೆಯೂ ನಾಳೆ, ನಾಡಿದ್ದು, ಮುಂದಿನ ವರ್ಷ, ಹತ್ತು ವರ್ಷ ಬೇಸರವಿಲ್ಲದೆ ನಡೆದುಬರುವ ಆಚರಣೆಯು ದಯೆಯೋ? ಮತ್ತೊಂದು ಪ್ರಶ್ನೆಯೂ ಉಂಟು. ದಯೆ ತೋರುವವನು ತನಗೆ ಹಿತವೆಂದು ತೋರಿದುದನ್ನು ಕೊಡಬೇಕೋ, ಪಡೆಯುವ ಜೀವಿಗೆ ಹಿತವಾದುದನ್ನು ಕೊಡಬೇಕೋ?

ಒಕ್ಕಲುತನದ ಮನೆಯಲ್ಲಿ ಎತ್ತು ಆಕಳುಗಳ ವಿಷಯವಾಗಿ ಈ ಪ್ರಶ್ನೆಗಳು ಏಳುವುದಿಲ್ಲ. ಯಾವ ಹೊತ್ತಿಗೆ ನೀರು, ಯಾವ ಕಾಲಕ್ಕೆ ಯಾವ ಮೇವು ಎಂಬುದು ತಾತ ಮುತ್ತಾತಂದಿರಿಂದ ಕೈಗೆ ಕೈಯಾಗಿ ಬಂದ ವಿದ್ಯೆ. ಅಲ್ಲದೆ ಎತ್ತು ದುಡಿಯುತ್ತದೆ, ಆಕಳು ಕರೆಯುತ್ತದೆ, ನಾಯಿ ಬಾಲವಾಡಿಸುತ್ತದೆ. ಕೊಟ್ಟುದಕ್ಕೆ ಪ್ರತಿಯಾಗಿ ಏನೋ ಒಂದು ಬರುತ್ತದೆ. ಪರಂಪರೆಯಿಂದ ತಿಳಿದುಬಾರದ, ಪ್ರತಿಯಾಗಿ ಏನನ್ನೂ ಕೊಡದ, ನೋಡಿದವರಿಗೆ ಮುದ್ದೆಂದೂ ತೋರದ ಜೀವಿಯೊಂದು ಮನೆಯೊಳಗೆ ಬಂದಾಗಲೇ ದಯೆಯ ನಿಜವಾದ ಪರೀಕ್ಷೆ.

ಅಂತಹದೊಂದು ಜೀವಿ ಈಗ ಲೋಕದ ಹಲವು ದೇಶಗಳ ಮನೆಗಳನ್ನು ಹೊಕ್ಕಿದೆ. ಬಿಯರ್ಡೆಡ್ ಡ್ರ್ಯಾಗನ್ ಎಂಬುದು ಅದರ ಹೆಸರು. ಕನ್ನಡದಲ್ಲಿ ಗಡ್ಡದ ಓತಿ ಎಂದರೆ ಸಾಕು. ಹೊಲದ ಬೇಲಿಯ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತನ ಕುಟುಂಬಕ್ಕೇ ಇದೂ ಸೇರಿದುದು. ಇದರ ತವರು ಆಸ್ಟ್ರೇಲಿಯದ ಒಳನಾಡಿನ ಒಣಭೂಮಿ. ಮೈ ಮುಳ್ಳುಮುಳ್ಳು, ಬೆದರಿದಾಗ ಕೊರಳ ಕೆಳಗಿನ ಚರ್ಮವನ್ನು ಉಬ್ಬಿಸುತ್ತದೆ, ಅದು ಕಪ್ಪಾಗಿ ಗಡ್ಡದಂತೆ ಕಾಣುತ್ತದೆ. ಬೆಳೆದ ಓತಿ ಬಾಲವೂ ಸೇರಿ ೪೫ರಿಂದ ೬೦ ಸೆಂಟಿಮೀಟರಿನಷ್ಟಿರುತ್ತದೆ. ಮೊಟ್ಟೆಯೊಡೆದು ಬಂದ ಮರಿ ಸುಮಾರು ೧೦ ಸೆಂಟಿಮೀಟರು ಮಾತ್ರ. ಆಸ್ಟ್ರೇಲಿಯದಲ್ಲಿಯೂ ಅಮೇರಿಕ, ಇಂಗ್ಲೆಂಡುಗಳಲ್ಲಿಯೂ ನೆಲಸಿದ ಕನ್ನಡ ಗೃಹಸ್ಥರ ಮಕ್ಕಳು ನೆರೆಮನೆಯಲ್ಲಿ ಇದನ್ನು ಕಂಡು ತಮಗೂ ಬೇಕೆಂದು ಹಟ ಹಿಡಿಯುವುದು ಅಸಂಭವವೇನಲ್ಲ. ನಮ್ಮ ದೇಶದ ದೊಡ್ಡ ನಗರಗಳಲ್ಲಿಯೂ ಪರದೇಶದ ಪ್ರಾಣಿಗಳನ್ನು ಸಾಕುವ ಹವ್ಯಾಸವು ಹಬ್ಬುತ್ತಿದೆ. ಆದುದರಿಂದ ಈ ವಿಚಾರವು ಗೃಹಸ್ಥರಿಗೆ ಹೊರತಾದುದಲ್ಲ.

ಈ ಮರಿಗೆ ಏನು ಬೇಕು? ಮೊದಲು ತಿಳಿಯಬೇಕಾದುದು, ಇದು ತಾಯಿಯ ಆರೈಕೆಯನ್ನೇ ಕಾಣದೆ ಬೆಳೆಯುವ ಜೀವಿ ಎಂಬುದು. ತಾಯಿಯು ನೆಲವನ್ನು ತೋಡಿ ಮೊಟ್ಟೆಯಿಟ್ಟು ಮಣ್ಣು ಮುಚ್ಚಿ ಹೋಗುತ್ತದೆ. ಮರಿಯು ಮಣ್ಣನ್ನು ಸರಿಸಿಕೊಂಡು ಒಂಟಿಯಾಗಿಯೇ ಲೋಕಕ್ಕೆ ಬರುತ್ತದೆ. ಆದುದರಿಂದ ಅದು ಮನುಷ್ಯನಿಂದ ಮುದ್ದನ್ನು ಬಯಸುವುದಿಲ್ಲ. ಅದಕ್ಕೆ ಬೇಕಾದುದು ಬಿಸಿಲು. ತನ್ನ ಮೈಯ ಕಾವನ್ನು ತಾನೇ ಹುಟ್ಟಿಸಿಕೊಳ್ಳಲಾರದ ಪ್ರಾಣಿಯಾದುದರಿಂದ, ಅದರ ಗಾಜಿನ ಗೂಡಿನ ಒಂದು ಕೊನೆಯಲ್ಲಿ ೩೮ರಿಂದ ೪೨ ಡಿಗ್ರಿ ಸೆಲ್ಸಿಯಸ್ಸಿನ ಕಾವಿರುವ ಕಲ್ಲೋ ಕೊರಡೋ ಇರಬೇಕು. ಇನ್ನೊಂದು ಕೊನೆ ೨೫ರ ಆಸುಪಾಸಿನಲ್ಲಿ ತಂಪಾಗಿರಬೇಕು. ಬಿಸಿಗೂ ತಂಪಿಗೂ ನಡುವೆ ಅದು ತಾನೇ ಅತ್ತಿತ್ತ ಸರಿದಾಡಿ ಮೈಯ ಹದವನ್ನು ಕಾಯ್ದುಕೊಳ್ಳುತ್ತದೆ. ಕಾವು ಸಾಲದಿದ್ದರೆ ತಿಂದ ಆಹಾರವು ಜೀರ್ಣವಾಗದು. ಕೈಯಿಂದ ಮುಟ್ಟಿ ಬೆಚ್ಚಗಿದೆಯೆಂದು ಹೇಳಿದರಾಗದು; ಉಷ್ಣಮಾಪಕವಿಟ್ಟು ಅಳೆಯಬೇಕು.

ಕಾವಿನಷ್ಟೇ ಮುಖ್ಯವಾದುದು ಬೆಳಕು. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳಲ್ಲಿ ಒಂದು ಬಗೆಯವು ಚರ್ಮಕ್ಕೆ ತಾಗಿದಾಗ ಓತಿಯ ಮೈಯಲ್ಲಿ ‘ಡಿ’ ಜೀವಸತ್ತ್ವವು ಉತ್ಪನ್ನವಾಗುತ್ತದೆ. ಆಹಾರದಲ್ಲಿರುವ ಕ್ಯಾಲ್ಸಿಯಂ ಎಂಬ ಸುಣ್ಣದ ಸತ್ತ್ವವನ್ನು ದೇಹವು ಹೀರಿಕೊಳ್ಳಬೇಕಾದರೆ ಆ ಜೀವಸತ್ತ್ವ ಬೇಕು. ಅದಿಲ್ಲದಿದ್ದರೆ ದೇಹವು ತನ್ನ ಎಲುಬಿನಿಂದಲೇ ಸುಣ್ಣವನ್ನು ಕಿತ್ತು ತೆಗೆಯುತ್ತದೆ. ಬೆಳೆಯುವ ಮರಿಯಲ್ಲಿ ಇದು ಬೇಗನೆ ನಡೆದುಹೋಗುವ ಅನಾಹುತ: ದವಡೆ ಮೆತ್ತಗಾಗುತ್ತದೆ, ಕಾಲುಗಳು ಬಾಗುತ್ತವೆ, ಬೆರಳುಗಳು ನಡುಗುತ್ತವೆ, ಕಡೆಗೆ ಮೈಯನ್ನು ನೆಲದಿಂದ ಎತ್ತಲೂ ಶಕ್ತಿಯಿರುವುದಿಲ್ಲ. ಬೇಗನೆ ಕಂಡುಕೊಂಡರೆ ವೈದ್ಯರು ರೋಗವನ್ನು ತಡೆಯಬಲ್ಲರು. ಬಾಗಿದ ಎಲುಬು ಮಾತ್ರ ಮೊದಲಿನಂತಾಗುವುದು ದುರ್ಲಭ.

ಇಲ್ಲಿ ಒಂದು ವಿಷಯವು ವಿಚಾರಾರ್ಹವಾಗಿದೆ. ಕಿಟಕಿಯ ಗಾಜಿನ ಹಿಂದೆ ಮರಿಯನ್ನಿಟ್ಟು ಬಿಸಿಲು ಕಾಯಿಸಿದೆನೆಂದು ಭಾವಿಸುವವರುಂಟು. ಆದರೆ ಆ ಬಗೆಯ ಕಿರಣವನ್ನು ಗಾಜು ಒಳಗೆ ಬಿಡುವುದಿಲ್ಲ. ಅದಕ್ಕಾಗಿಯೇ ಮಾಡಿದ ದೀಪಗಳು ದೊರೆಯುತ್ತವೆ; ಅವೂ ಸುಮಾರು ೬ರಿಂದ ೧೨ ತಿಂಗಳಲ್ಲಿ ಕಿರಣಶಕ್ತಿಯನ್ನು ಕಳೆದುಕೊಳ್ಳುತ್ತವೆ. ಆದರೆ ಕಣ್ಣಿಗೆ ಅವು ಮೊದಲಿನಂತೆಯೇ ಉರಿಯುತ್ತಿರುತ್ತವೆ. ಮನೆಯವರು ದೀಪ ಉರಿಯುತ್ತಿದೆಯೆಂದು ನೆಮ್ಮದಿಯಿಂದಿರುತ್ತಾರೆ, ಅದರ ಕೆಳಗೆ ಕುಳಿತ ಮರಿಯ ಎಲುಬು ಕರಗುತ್ತಿರುತ್ತದೆ. ನೋಡುವವರಿಗೆ ಪ್ರಕಾಶಮಾನವಾಗಿದ್ದು, ಸಲ್ಲಬೇಕಾದವನಿಗೆ ಸಲ್ಲದ ದಯೆಯು ಲೋಕದಲ್ಲಿ ಎಷ್ಟಿಲ್ಲ? ಇಲ್ಲಿ ಮನೆಯವರಿಗೆ ಪ್ರೀತಿಯ ಕೊರತೆಯಿರಲಿಲ್ಲ, ಅರಿವಿನ ಕೊರತೆಯಿದ್ದಿತು. ಅರಿವನ್ನೂ ಆಚಾರವನ್ನೂ ಶರಣರು ಬೇರೆಬೇರೆಯೆಂದು ಎಣಿಸಲಿಲ್ಲ. ಅರಿವಿಲ್ಲದ ದಯೆಯು ಕ್ರೌರ್ಯಕ್ಕಿಂತ ಮೆಲ್ಲಗೆ ಕೊಲ್ಲುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನು ತನ್ನ ಇಷ್ಟವನ್ನೇ ಇನ್ನೊಂದು ಜೀವಿಯ ಇಷ್ಟವೆಂದು ಭಾವಿಸುವ ದೋಷವನ್ನು ನೋಡಬೇಕು. ಮರಿ ಒಂಟಿಯಾಗಿ ಕೊರಗುತ್ತದೆಯೆಂದು ಇನ್ನೊಂದನ್ನು ತಂದು ಜೊತೆಗೆ ಬಿಡುವವರಿದ್ದಾರೆ. ಮನುಷ್ಯನಿಗೆ ಸಂಗಾತಿ ಬೇಕು. ಈ ಓತಿಗೆ ಬೇಡ. ಒಂದು ಮರಿ ಮತ್ತೊಂದರ ಮೇಲೆ ಹತ್ತಿ ಮಲಗಿದರೆ ನೋಡುವವರು ಅನ್ಯೋನ್ಯತೆಯೆಂದು ಹಿಗ್ಗುತ್ತಾರೆ. ನಿಜವಾಗಿ ಬಲವುಳ್ಳದು ದುರ್ಬಲವಾದುದರ ಪಾಲಿನ ಕಾವನ್ನೂ ಬೆಳಕನ್ನೂ ಕಸಿಯುತ್ತಿರುತ್ತದೆ. ಹಸಿದಾಗ ಒಂದರ ಬೆರಳನ್ನೋ ಬಾಲದ ತುದಿಯನ್ನೋ ಮತ್ತೊಂದು ಕಡಿಯುವುದೂ ಉಂಟು. ಹಲ್ಲಿಯ ಬಾಲದಂತೆ ಇದರ ಬಾಲ ಮರಳಿ ಬೆಳೆಯುವುದಿಲ್ಲ. ಹಾಗೆಯೇ ಮರಿಯು ಮುಂಗಾಲೊಂದನ್ನೆತ್ತಿ ಮೆಲ್ಲಗೆ ಬೀಸಿದರೆ ಮಕ್ಕಳು ನಮಸ್ಕಾರ ಮಾಡಿತೆಂದು ನಗುತ್ತಾರೆ. ಅದು ತನಗಿಂತ ದೊಡ್ಡ ಜೀವಿಯ ಮುಂದೆ ‘ನಾನು ಚಿಕ್ಕವನು, ನನ್ನನ್ನು ಬಿಡು’ ಎಂಬಂತೆ ತೋರುವ ಸಂಜ್ಞೆ.

ಈ ಓತಿಯ ನೆತ್ತಿಯ ಮೇಲೆ ಬೆಳಕು ನೆರಳುಗಳ ವ್ಯತ್ಯಾಸವನ್ನು ಮಾತ್ರ ಅರಿಯುವ ಒಂದು ಸಣ್ಣ ಕಣ್ಣುಂಟು. ಅದನ್ನು ಹಣೆಗಣ್ಣೆಂದು ಕೊಂಡಾಡಬೇಕಾದುದಿಲ್ಲ. ಅದರಿಂದ ನಡತೆಯ ಪಾಠವೊಂದನ್ನು ಕಲಿತರೆ ಸಾಕು. ಮೇಲಿನಿಂದ ನೆರಳು ಬಿದ್ದರೆ ಮರಿಗೆ ಅದು ಹದ್ದು. ಆದುದರಿಂದ ಎತ್ತಿಕೊಳ್ಳುವವನು ಕೈಯನ್ನು ಮೇಲಿನಿಂದ ಇಳಿಸಬಾರದು. ಪಕ್ಕದಿಂದ, ತಗ್ಗಿನಿಂದ ನೀಡಿ, ಮೈಯ ಅಡಿಗೆ ಆಸರೆಯಾಗುವಂತೆ ಇಡಬೇಕು. ಹೊಸದಾಗಿ ಬಂದ ಮರಿಯನ್ನು ಮೊದಲ ಕೆಲವು ದಿನ ಎತ್ತದೆಯೇ ಬಿಡುವುದು ಮೇಲು. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವವನ್ನು ಕಳೆಯಲೆಂದೇ ದಾಸೋಹವು ಹುಟ್ಟಿತು. ಆ ಭಾವವನ್ನು ಕಳೆದುಕೊಂಡ ಕೈ ಹೇಗೆ ಬರಬೇಕೆಂಬುದನ್ನು ಈ ಪುಟ್ಟ ಪ್ರಾಣಿಯೂ ಹೇಳಿಕೊಡುತ್ತದೆ.

ಈಗ ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ. ಬೆಳೆದ ಓತಿಗೆ ಸೊಪ್ಪು ತರಕಾರಿಗಳೇ ಹೆಚ್ಚಿನ ಆಹಾರ. ಆದರೆ ಮರಿಯ ಆಹಾರದಲ್ಲಿ ಮುಕ್ಕಾಲು ಪಾಲಿನಷ್ಟು ಜೀವಂತ ಹುಳುಗಳಿರಬೇಕು. ರಾತ್ರಿ ಮೂಲೆಯಲ್ಲಿ ಕುಳಿತು ಜೀರೆಂದು ಕೂಗುವ ಚಿಮ್ಮಂಡೆಗಳನ್ನೂ, ಇದಕ್ಕಾಗಿಯೇ ಸಾಕಿದ ಜಿರಲೆಯ ಮರಿಗಳನ್ನೂ, ಸುಣ್ಣದ ಸತ್ತ್ವದ ಪುಡಿಯಲ್ಲಿ ಹೊರಳಿಸಿ, ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿಯೂ ಹತ್ತು ಹದಿನೈದು ನಿಮಿಷದಲ್ಲಿ ತಿನ್ನುವಷ್ಟು ಕೊಡಬೇಕು. ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹುಳು ದೊಡ್ಡದಾಗಿರಬಾರದು. ಕಂಡ ಹುಳುವನ್ನೆಲ್ಲ ಹಿಡಿದು ಹಾಕುವುದೂ ಸಲ್ಲದು. ಅಮೇರಿಕದಲ್ಲಿ ಮಿಣುಕುಹುಳುವನ್ನು ನುಂಗಿದ ಗಡ್ಡದ ಓತಿಗಳು ಸತ್ತುದುಂಟು. ಶಾಕಾಹಾರವನ್ನು ವ್ರತವಾಗಿ ನಡೆಸುವ ಮನೆಯು ಇದನ್ನು ಹೇಗೆ ಮಾಡಬೇಕು?

ಮೆಲ್ಬರ್ನಿನಲ್ಲಿ ನೆಲಸಿದ, ಧಾರವಾಡದ ಕಡೆಯ ಒಂದು ಕುಟುಂಬವನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಮಗನ ಹಟಕ್ಕೆ ಸೋತ ತಂದೆ ಮರಿಯನ್ನು ತಂದನು. ಹುಳುಗಳ ಮಾತು ಬಂದಾಗ, ‘ನಮ್ಮ ಮನೆಗೆ ಬಂದಮೇಲೆ ನಮ್ಮಂತೆ ಸೊಪ್ಪು ತಿಂದು ಬೆಳೆಯಲಿ’ ಎಂದನು. ಪಾಲಕ, ಕುಂಬಳಕಾಯಿಗಳನ್ನು ಹೆಚ್ಚಿ ಹಾಕಿದನು. ಪಾಲಕದಲ್ಲಿರುವ ಆಮ್ಲವೊಂದು ಸುಣ್ಣದ ಸತ್ತ್ವವನ್ನೇ ಕಟ್ಟಿಹಾಕಿ ಮೈಗೆ ಹತ್ತದಂತೆ ಮಾಡುವುದೆಂದು ಅವನಿಗೆ ತಿಳಿಯದು. ಕೆಲವು ವಾರಗಳಲ್ಲಿ ಮರಿಯ ಕಾಲು ನಡುಗತೊಡಗಿತು. ಊರಿನಿಂದ ಬಂದಿದ್ದ ಅವನ ತಾಯಿ ಅದನ್ನು ನೋಡಿ ಕಾರಣವನ್ನು ಕೇಳಿದಳು.

‘ಅವ್ವಾ, ಲಿಂಗಪೂಜೆ ನಡೆಯುವ ಮನೆಯಲ್ಲಿ ಹುಳುಗಳನ್ನು ತಂದು ಕೊಲ್ಲಿಸುವುದು ಹೇಗೆ?’ ಎಂದನು ಮಗ.

‘ಕೊಲ್ಲಿಸಲಾರೆನೆಂದರೆ ತರಬಾರದಿತ್ತು, ತಮ್ಮಾ. ತಂದಮೇಲೆ, ನಿನ್ನ ವ್ರತಕ್ಕೆ ಅದರ ಎಲುಬನ್ನು ಒತ್ತೆಯಿಟ್ಟೆಯಲ್ಲ!’ ಎಂದಳು ಆ ತಾಯಿ.

ಈ ಮಾತಿನಲ್ಲಿ ಪ್ರಶ್ನೆಯ ಒಳಗುಟ್ಟೆಲ್ಲ ಅಡಗಿದೆ. ವ್ರತವೆಂಬುದು ತಾನಾಗಿ ಅರಿತು, ತಾನಾಗಿ ಒಪ್ಪಿ, ತನ್ನ ಮೇಲೆ ತಾನು ವಿಧಿಸಿಕೊಳ್ಳುವ ಕಟ್ಟಳೆ. ಅದರ ಕಷ್ಟವನ್ನು ವ್ರತಿಯೇ ಉಣ್ಣಬೇಕು. ಒಪ್ಪಲೂ ನಿರಾಕರಿಸಲೂ ಬಾರದ ಜೀವಿಯ ಮೇಲೆ ಅದನ್ನು ಹೇರಿದರೆ, ಕಷ್ಟವನ್ನು ಅದು ಉಣ್ಣುತ್ತದೆ, ಪುಣ್ಯವನ್ನು ಇವನು ಎಣಿಸುತ್ತಾನೆ. ಹುಲಿಗೆ ಹುಲ್ಲು ಹಾಕಿ ಸಾತ್ತ್ವಿಕನನ್ನಾಗಿ ಮಾಡಿದೆನೆಂದು ಹೇಳಿಕೊಂಡರೆ ಯಾರು ಮೆಚ್ಚುವರು?

ಆದರೆ ಇಷ್ಟಕ್ಕೇ ಸಂಶಯವು ಮುಗಿಯುವುದಿಲ್ಲ. ‘ಕಾಡಿನಲ್ಲಿ ಓತಿಯು ಹುಳುವನ್ನು ತಿಂದರೆ ಅದು ಪ್ರಕೃತಿಯ ವ್ಯವಹಾರ. ಮನೆಯಲ್ಲಿ ಹುಳುವನ್ನು ಹಿಡಿದು ಅದರ ಬಾಯಿಗೆ ಒಡ್ಡುವ ಕೈ ಮನುಷ್ಯನದಲ್ಲವೆ? ಒಂದು ಓತಿಗೆ ತೋರುವ ದಯೆಗಾಗಿ ನೂರಾರು ಹುಳುಗಳಲ್ಲಿ ನಿರ್ದಯನಾಗುವುದು ಎಂತಹ ನ್ಯಾಯ?’ ಎಂದು ಕೇಳಬಹುದು. ಈ ಆಕ್ಷೇಪವು ಹುರುಳುಳ್ಳದು, ನಗೆಯಾಡಿ ತಳ್ಳತಕ್ಕುದಲ್ಲ. ಬೇಟೆಯಾಡುವ ಜೀವಿಯನ್ನು ಗಾಜಿನೊಳಗಿಟ್ಟು ಬಾಗಿಲು ಹಾಕಿದವನು ಅದರ ಬೇಟೆಯನ್ನೂ ತನ್ನ ಕೈಗೆ ತೆಗೆದುಕೊಂಡನು. ಅಂಗಡಿಯಿಂದ ಪೊಟ್ಟಣದಲ್ಲಿ ಒಣಗಿದ ಹುಳುಗಳನ್ನು ತಂದು, ತಾನು ಕೊಲ್ಲಲಿಲ್ಲವೆಂದು ಸಮಾಧಾನ ಹೇಳಿಕೊಳ್ಳುವುದರಲ್ಲಿಯೂ ಅರ್ಥವಿಲ್ಲ. ಪೊಟ್ಟಣದ ಹುಳುವೂ ಒಮ್ಮೆ ಬದುಕಿದ್ದುದೇ. ಮಗುವಿನ ಕೈಯಿಂದಲೋ ಆಳಿನ ಕೈಯಿಂದಲೋ ಹಾಕಿಸಿದರೆ ಹೊಣೆಯು ಮನೆಯ ಯಜಮಾನನನ್ನು ಬಿಟ್ಟುಹೋಗದು.

ಆದುದರಿಂದ ನಿರ್ಣಯದ ಸ್ಥಳವು ಅಂಗಡಿಯ ಹೊಸ್ತಿಲೇ ಹೊರತು ಮನೆಯ ಒಳಗಲ್ಲ. ಹುಳುಗಳನ್ನು ಕೊಡುವುದು ತನ್ನ ವ್ರತಕ್ಕೆ ಸಲ್ಲದೆಂದು ಅರಿತ ಗೃಹಸ್ಥನು ಮರಿಯನ್ನು ತಾರದಿರುವುದೇ ಸರಿಯಾದ ದಾರಿ. ಹಾಗೆ ತಾರದಿರುವುದೂ ಒಂದು ದಯೆ. ಮಗುವಿನ ಕಣ್ಣೀರಿಗೆ ಹೆದರಿ ಮೂಕಜೀವಿಯನ್ನು ತಂದು ಸೊರಗಿಸುವುದಕ್ಕಿಂತ, ‘ಇದರ ಆಹಾರವನ್ನು ಕೊಡಲು ನಮ್ಮಿಂದಾಗದು, ಮಗೂ, ಆದುದರಿಂದ ಇದನ್ನು ಸಾಕುವ ಹಕ್ಕು ನಮಗಿಲ್ಲ’ ಎಂದು ತಿಳಿಯ ಹೇಳುವುದು ಮಗುವಿಗೆ ದೊರೆಯಬಹುದಾದ ಉತ್ತಮ ಪಾಠ. ಈಗಾಗಲೇ ತಂದವನಾದರೋ ಎರಡರಲ್ಲಿ ಒಂದನ್ನು ಮಾಡಬೇಕು: ಅದರ ಆಹಾರವನ್ನು ಅದಕ್ಕೆ ಸಲ್ಲಿಸಬೇಕು, ಅಥವಾ ಸಲ್ಲಿಸಬಲ್ಲವರ ಕೈಗೆ ಅದನ್ನು ಒಪ್ಪಿಸಬೇಕು. ಮೂರನೆಯ ದಾರಿ ಇಲ್ಲ.

ಸಲ್ಲಿಸುವವನಿಗೂ ಒಂದು ಮರ್ಯಾದೆಯುಂಟು. ಹುಳುಗಳನ್ನು ಇಕ್ಕಟ್ಟಾದ ಡಬ್ಬಿಯಲ್ಲಿ ಹಸಿವಿನಿಂದ ಸಾಯಗೊಡಬಾರದು. ಅವುಗಳಿಗೆ ಮೊದಲೇ ಒಂದೆರಡು ದಿನ ಒಳ್ಳೆಯ ಸೊಪ್ಪನ್ನೂ ತೇವವನ್ನೂ ಕೊಡಬೇಕು. ಹುಳುವಿಗೆ ದೊರೆತ ಸಾರವೇ ಮರಿಗೂ ದೊರೆಯುವುದರಿಂದ ಬಲ್ಲ ಸಾಕಣೆಗಾರರು ಹಾಗೆಯೇ ಮಾಡುತ್ತಾರೆ. ಬೇಕಾದುದಕ್ಕಿಂತ ಒಂದನ್ನೂ ಹೆಚ್ಚಾಗಿ ಗೂಡಿಗೆ ಬಿಡಬಾರದು. ಉಳಿದವು ರಾತ್ರಿಯಲ್ಲಿ ಮಲಗಿದ ಮರಿಯನ್ನೇ ಕಚ್ಚುತ್ತವೆ. ಮಕ್ಕಳು ಸುತ್ತ ನಿಂತು ಕೇಕೆ ಹಾಕುವ ಆಟವಾಗಿ ಅದು ಮಾರ್ಪಡಬಾರದು. ಒಂದು ಜೀವವು ಇನ್ನೊಂದರಿಂದ ಬದುಕುತ್ತದೆಂಬ ಗಂಭೀರವಾದ ಸಂಗತಿ ಅಲ್ಲಿ ನಡೆಯುತ್ತಿದೆ. ಅದನ್ನು ಮೌನದಿಂದ ನೋಡಲು ಕಲಿತ ಮಗುವು ತನ್ನ ಎಡೆಯಲ್ಲಿ ಅನ್ನವನ್ನು ಚೆಲ್ಲುವ ಮುನ್ನ ಎರಡು ಬಾರಿ ಯೋಚಿಸೀತು.

ಸೆರೆಯ ವಿಚಾರವಾಗಿಯೂ ಒಂದು ಮಾತು ಅವಶ್ಯ. ಆಸ್ಟ್ರೇಲಿಯವು ತನ್ನ ನಾಡಿನ ಜೀವಂತ ಸರೀಸೃಪಗಳನ್ನು ವ್ಯಾಪಾರಕ್ಕಾಗಿ ಹೊರದೇಶಕ್ಕೆ ಕಳುಹಿಸುವುದನ್ನು ನಿಷೇಧಿಸಿದೆ. ೧೯೯೯ರ ಪರಿಸರ ಸಂರಕ್ಷಣೆಯ ಕಾನೂನಿನಲ್ಲಿಯೂ ಆ ನಿಷೇಧವುಂಟು. ಅಲ್ಲಿನ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇದನ್ನು ಸಾಕುವವನು ಅನುಮತಿಪತ್ರವನ್ನು ಪಡೆಯಬೇಕು. ನಮ್ಮಲ್ಲಿ ೧೯೭೨ರ ವನ್ಯಜೀವಿ ಕಾನೂನಿನಂತೆ ಉಡ, ನಕ್ಷತ್ರದ ಆಮೆ ಮೊದಲಾದುವನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಇತರ ದೇಶಗಳಲ್ಲಿ ಮಾರುವ ಗಡ್ಡದ ಓತಿಗಳು ಬಹುಮಟ್ಟಿಗೆ ಪಂಜರದಲ್ಲಿಯೇ ಹುಟ್ಟಿದುವು. ಅವು ಹಿಂದಿರುಗಬೇಕಾದ ಕಾಡು ಅವುಗಳಿಗೆ ತಿಳಿಯದು. ಬೇಸರವಾದಾಗ ಅದನ್ನು ಹೊಲದ ಬದುವಿನಲ್ಲಿ ಬಿಟ್ಟು, ಬಂಧನದಿಂದ ಬಿಡಿಸಿದೆನೆಂದು ಹೇಳಿಕೊಂಡರೆ, ಅದು ಬಿಡುಗಡೆಯ ಹೆಸರಿನ ಕೊಲೆ. ಸೆರೆಯಲ್ಲಿ ಹುಟ್ಟಿದುದಕ್ಕೆ ಸೆರೆಯನ್ನೇ ಬಾಳಲು ಯೋಗ್ಯವಾಗಿ ಮಾಡಿಕೊಡುವುದು ಉಳಿದಿರುವ ಒಂದೇ ಪ್ರಾಯಶ್ಚಿತ್ತ.

ಈ ಓತಿ ಸಾಮಾನ್ಯವಾಗಿ ೮ರಿಂದ ೧೨ ವರ್ಷ ಬಾಳುತ್ತದೆ. ಹತ್ತು ವರ್ಷದ ಬಾಲಕನು ಬೇಡಿ ತಂದ ಮರಿಗೆ, ಅವನು ಕಾಲೇಜಿಗೆ ಹೋದಮೇಲೆ ಆಹಾರ ಹಾಕುವವರು ಯಾರು? ದಿನವೂ ಗೂಡನ್ನು ಒರೆಸಬೇಕು, ಮಲವನ್ನು ತೆಗೆಯಬೇಕು, ನೀರು ಬದಲಿಸಬೇಕು. ಇದರ ಮೈಯಲ್ಲಿಯೂ ಮಲದಲ್ಲಿಯೂ ಸಾಲ್ಮೊನೆಲ್ಲ ಎಂಬ ರೋಗಾಣುಗಳಿರಬಹುದಾದುದರಿಂದ ಮುಟ್ಟಿದ ಪ್ರತಿಸಲವೂ ಸಾಬೂನಿನಿಂದ ಕೈತೊಳೆಯಬೇಕು. ಐದು ವರ್ಷದೊಳಗಿನ ಶಿಶುಗಳಿರುವ ಮನೆಯಲ್ಲಿ ಇದನ್ನು ಇಟ್ಟುಕೊಳ್ಳದಿರುವುದೇ ಲೇಸೆಂದು ವೈದ್ಯರ ಮತ. ಇವೆಲ್ಲವೂ ಹೊಗಳಿಕೆಯಿಲ್ಲದ ಕೆಲಸಗಳು. ಓತಿಯು ಹೆಸರು ಹಿಡಿದು ಕರೆದರೆ ಓಡಿಬಾರದು. ಯಜಮಾನನು ಊರಿಂದ ಬಂದರೆ ಕುಣಿಯದು. ಬಹಳವಾದರೆ, ಅವನ ಕೈಗೆ ಹೆದರದೆ ಸುಮ್ಮನೆ ಕುಳಿತಿರುತ್ತದೆ. ಫಲವನ್ನು ಬಯಸದೆ ಮಾಡುವ ಕೆಲಸವು ಕಾಯಕವಾದರೆ, ಇದಕ್ಕಿಂತ ಶುದ್ಧವಾದ ಕಾಯಕವು ಮನೆಯೊಳಗೆ ದೊರೆಯುವುದು ಕಷ್ಟ. ಆ ನಿರ್ಭಯವೇ ಅಲ್ಲಿ ದೊರೆಯುವ ಪ್ರಸಾದ.

ಇದನ್ನು ಓದಿದವರಲ್ಲಿ ಬಹುಮಂದಿ ಗಡ್ಡದ ಓತಿಯನ್ನು ಎಂದಿಗೂ ಸಾಕುವವರಲ್ಲ. ಆದರೂ ಅದರಿಂದ ಕಲಿಯಬೇಕಾದುದು ಎಲ್ಲ ಮನೆಗೂ ಸಲ್ಲುತ್ತದೆ. ಮುಪ್ಪಿನ ತಂದೆತಾಯಿಗೂ, ಬೆಳೆಯುವ ಮಗುವಿಗೂ, ಬಾಗಿಲಿಗೆ ಬಂದ ಹಸಿದವನಿಗೂ ಅವರವರಿಗೆ ಬೇಕಾದುದನ್ನು ಕೇಳಿ ಅರಿತು ಕೊಡುವುದು ದಯೆ. ತನಗೆ ತೋಚಿದುದನ್ನು ಕೊಟ್ಟು ಕೃತಜ್ಞತೆಯನ್ನು ಕಾಯುವುದು ಅಹಂಕಾರ. ಹಳ್ಳಿಯ ಹುಡುಗರು ಬೇಲಿಯ ಮೇಲಿನ ಓತಿಕ್ಯಾತನಿಗೆ ಕಲ್ಲು ಬೀರುವುದನ್ನು ಎಲ್ಲರೂ ಕಂಡಿರುತ್ತಾರೆ. ಅವನಿಗೆ ದೀಪ ಬೇಡ, ಗಾಜಿನ ಮನೆ ಬೇಡ, ಪುಡಿ ಹಚ್ಚಿದ ಹುಳು ಬೇಡ. ಬಿಸಿಲು ಅವನಿಗೆ ಬಿಟ್ಟಿಯಾಗಿ ದೊರೆತಿದೆ. ಕೈಯಲ್ಲಿನ ಕಲ್ಲನ್ನು ಕೆಳಗಿಡುವುದಷ್ಟೇ ಅವನಿಗೆ ಸಲ್ಲಬೇಕಾದ ದಯೆ. ಅದನ್ನು ಮಕ್ಕಳಿಗೆ ಕಲಿಸುವುದಕ್ಕೆ ಹಣವೂ ಬೇಡ, ಅನುಮತಿಪತ್ರವೂ ಬೇಡ. ಪ್ರತಿಯೊಬ್ಬ ಗೃಹಸ್ಥನೂ ಇಂದೇ ಅಲ್ಲಿಂದ ಆರಂಭಿಸಬಹುದು.